ಕುದ್ರೋಳಿಯ ಮೆರವಣಿಗೆಯ ಹಾದಿ: ರಸ್ತೆಯ ವಿನ್ಯಾಸವನ್ನು ಕುರಿತು ಒಂದು ವಿಮರ್ಶೆ

1

ಕಾವ್ಯವನ್ನೂ ಶಾಸನವನ್ನೂ ವಿಮರ್ಶೆಗೆ ಒಳಪಡಿಸುವುದು ನಮ್ಮ ವಿದ್ಯಾಸಂಸ್ಥೆಗಳಲ್ಲಿ ರೂಢವಾಗಿದೆ. ರಸ್ತೆಯನ್ನು ವಿಮರ್ಶಿಸುವ ರೂಢಿ ಮಾತ್ರ ಇನ್ನೂ ಬಂದಿಲ್ಲ. ರಸ್ತೆಯೆಂಬುದು ಇಂಜಿನಿಯರರ ವಿಷಯ, ಚರಿತ್ರೆಯ ಅಭ್ಯಾಸಿಗೆ ಅಲ್ಲೇನು ಕೆಲಸ ಎಂದು ಕೇಳುವವರುಂಟು. ಆದರೆ ರಸ್ತೆಯೂ ಒಂದು ದಾಖಲೆಯೇ. ಊರಿನ ನೆಲದಲ್ಲಿ ಯಾರಿಗೆ ಎಷ್ಟು ಪಾಲು, ಯಾರು ಯಾರಿಗಾಗಿ ಕಾಯಬೇಕು, ಯಾರ ಪ್ರಾಣಕ್ಕೆ ಎಷ್ಟು ಬೆಲೆ ಎಂಬುದೆಲ್ಲ ಅದರಲ್ಲಿ ಕಾಂಕ್ರೀಟಿನ ಅಕ್ಷರಗಳಲ್ಲಿ ಬರೆದಿರುತ್ತದೆ. ಆ ಬರಹವನ್ನು ಓದುವ ಒಂದು ಪ್ರಯತ್ನವೇ ಪ್ರಕೃತ ಲೇಖನ.

ಓದಿಗಾಗಿ ನಾವು ಆರಿಸಿಕೊಂಡಿರುವುದು ಮಂಗಳೂರಿನ ಕುದ್ರೋಳಿಯಿಂದ ಹೊರಟು ಕುದ್ರೋಳಿಗೇ ಮರಳುವ ದಸರಾ ಮೆರವಣಿಗೆಯ ಹಾದಿಯನ್ನು. ಗೋಕರ್ಣನಾಥೇಶ್ವರ ಕ್ಷೇತ್ರದಿಂದ ಹೊರಡುವ ಶಾರದೆ ಹಾಗೂ ನವದುರ್ಗೆಯರ ಮೂರ್ತಿಗಳು ಮಣ್ಣಗುಡ್ಡ, ಲೇಡಿಹಿಲ್, ಲಾಲ್‌ಬಾಗ್, ಕೆ. ಎಸ್. ರಾವ್ ರಸ್ತೆ, ಹಂಪನಕಟ್ಟೆ, ರಥಬೀದಿಗಳನ್ನು ಹಾದು ಅಳಕೆಯ ಮಾರ್ಗವಾಗಿ ಹಿಂದಿರುಗಿ, ಕ್ಷೇತ್ರದ ಪುಷ್ಕರಿಣಿಯಲ್ಲಿ ವಿಸರ್ಜನೆಗೊಳ್ಳುತ್ತವೆ. ನಗರದ ಮುಖ್ಯ ರಸ್ತೆಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಹಾದಿ ಇದು. ಆ ಒಂದು ರಾತ್ರಿ ಇಲ್ಲಿ ಮಕ್ಕಳೂ ಮುದುಕರೂ ರಸ್ತೆಯ ನಟ್ಟನಡುವೆ ನಡೆಯುತ್ತಾರೆ. ಮರುದಿನ ಅದೇ ಜನ ಅದೇ ರಸ್ತೆಯ ಅಂಚಿಗೆ ಸರಿದು, ಚರಂಡಿಯ ಚಪ್ಪಡಿಯ ಮೇಲೆ ಕಾಲಿಟ್ಟು, ಬೆನ್ನ ಹಿಂದಿನ ಹಾರನ್ನಿಗೆ ಕಿವಿಗೊಟ್ಟು ನಡೆಯುತ್ತಾರೆ. ಈ ಎರಡು ದಿನಗಳ ಅಂತರವೇ ನಮ್ಮ ವಿಷಯ. ರಸ್ತೆಯ ಅಗಲ ಎರಡು ದಿನವೂ ಒಂದೇ. ಬದಲಾದದ್ದು ಅದರ ಹಂಚಿಕೆಯೂ ಅಲ್ಲಿ ಸಲ್ಲುವ ವೇಗವೂ ಮಾತ್ರ.

2

ಕುದ್ರೋಳಿಯ ಸಂದರ್ಭದಲ್ಲಿ ರಸ್ತೆಯ ಪ್ರಶ್ನೆಗೆ ಚಾರಿತ್ರಿಕವಾದ ಒಂದು ಹಿನ್ನೆಲೆಯಿದೆ. ಹೊಯ್ಗೆಬಜಾರಿನ ಕೊರಗಪ್ಪನವರೇ ಮೊದಲಾದ ಬಿಲ್ಲವ ಮುಖಂಡರ ಬಿನ್ನಹದ ಮೇರೆಗೆ ಇಲ್ಲಿಗೆ ಬಂದ ನಾರಾಯಣಗುರುಗಳು 1912ರಲ್ಲಿ ಶಿವಲಿಂಗವನ್ನು ಪ್ರತಿಷ್ಠಿಸಿದರು. ಅನ್ಯ ದೇವಾಲಯಗಳ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗಾಗಿ ತೆರೆದ ಬಾಗಿಲು ಅದು. ಹನ್ನೆರಡು ವರ್ಷಗಳ ಬಳಿಕ, 1924ರ ಮಾರ್ಚ್ 30ರಂದು, ತಿರುವಾಂಕೂರಿನ ವೈಕಂನಲ್ಲಿ ಸತ್ಯಾಗ್ರಹ ಆರಂಭವಾಯಿತು. ಅಲ್ಲಿ ಕೇಳಿದ್ದು ದೇವಾಲಯ ಪ್ರವೇಶವನ್ನಲ್ಲ. ದೇವಾಲಯದ ಸುತ್ತಲಿನ ಸಾರ್ವಜನಿಕ ರಸ್ತೆಗಳಲ್ಲಿ ನಡೆದು ಹೋಗುವ ಹಕ್ಕನ್ನು. ಗುರುಗಳು ಸತ್ಯಾಗ್ರಹಿಗಳ ಉಪಯೋಗಕ್ಕೆ ತಮ್ಮ ಆಶ್ರಮವನ್ನು ಬಿಟ್ಟುಕೊಟ್ಟರು. 1925ರ ಮಾರ್ಚಿಯಲ್ಲಿ ಗಾಂಧೀಜಿಯವರು ವೈಕಂಗೆ ಬಂದರು, ಶಿವಗಿರಿಯಲ್ಲಿ ಗುರುಗಳನ್ನು ಕಂಡರು. ಅದೇ ವರ್ಷದ ನವೆಂಬರಿನಲ್ಲಿ ಮೂರು ದಿಕ್ಕಿನ ರಸ್ತೆಗಳು ಎಲ್ಲರಿಗೂ ತೆರೆದವು.

ಇದೇ 1925ನೆಯ ಇಸವಿಯ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಅಮೆರಿಕದ ಲಾಸ್ ಏಂಜಲೀಸ್ ನಗರ ಆ ವರ್ಷ ಜಾರಿಗೆ ತಂದ ಸಂಚಾರ ನಿಯಮಾವಳಿ ಕಾಲ್ನಡೆಯವರನ್ನು ಗುರುತು ಮಾಡಿದ ಅಡ್ಡದಾರಿಗಳಿಗೆ ಸೀಮಿತಗೊಳಿಸಿತು. ಅದು ಇತರ ಅನೇಕ ನಗರಗಳಿಗೆ ಮಾದರಿಯಾಯಿತು. ಅದುವರೆಗೆ ಬೀದಿಯೆಂದರೆ ನಡೆಯುವವರು, ಮಾರುವವರು, ಆಡುವ ಮಕ್ಕಳು, ಕುದುರೆಗಾಡಿ, ಟ್ರಾಮುಗಳು ಒಟ್ಟಾಗಿ ಬಳಸುತ್ತಿದ್ದ ಜಾಗ. ಮೋಟಾರು ಬಂದ ಮೇಲೆ ಅಪಘಾತಗಳು ಹೆಚ್ಚಿದಾಗ, ವೇಗವನ್ನು ತಗ್ಗಿಸುವ ಬದಲು ನಡೆಯುವವನನ್ನು ಬದಿಗೆ ಸರಿಸುವ ಉಪಾಯವೇ ಗೆದ್ದಿತು. ಹೀಗೆ ಒಂದೇ ವರ್ಷದಲ್ಲಿ ಭೂಮಿಯ ಒಂದು ಭಾಗದಲ್ಲಿ ಜನ ರಸ್ತೆಯ ಮೇಲೆ ನಡೆಯುವ ಹಕ್ಕನ್ನು ಗಳಿಸಿದರು. ಇನ್ನೊಂದು ಭಾಗದಲ್ಲಿ ಅದನ್ನು ಬಹುಮಟ್ಟಿಗೆ ಕಳೆದುಕೊಂಡರು. ಮುಂದಿನ ನೂರು ವರ್ಷಗಳಲ್ಲಿ ನಮ್ಮ ನಗರಗಳು ಕಾನೂನಿನಲ್ಲಿ ಮೊದಲನೆಯದನ್ನು ಒಪ್ಪಿಕೊಂಡು, ಕಾಮಗಾರಿಯಲ್ಲಿ ಎರಡನೆಯದನ್ನು ಅನುಸರಿಸಿದುವು.

ಜಾತಿಯ ನಿಷೇಧವೂ ವಾಹನದ ಅಡ್ಡಿಯೂ ಒಂದೇ ಎಂದು ನಾವು ವಾದಿಸುತ್ತಿಲ್ಲ. ಮೊದಲನೆಯದು ಮನುಷ್ಯನ ಘನತೆಯನ್ನೇ ಅಲ್ಲಗಳೆದದ್ದು, ಅದರೊಡನೆ ಮತ್ತಾವುದನ್ನೂ ತೂಗಲಾಗದು. ಆದರೆ ಸಾರ್ವಜನಿಕ ರಸ್ತೆ ಎಂಬಲ್ಲಿ ಸಾರ್ವಜನಿಕ ಎಂಬ ಪದಕ್ಕೆ ಅರ್ಥವೇನೆಂದು ವೈಕಂ ಕೇಳಿದ ಪ್ರಶ್ನೆ ಇಂದಿಗೂ ಸಲ್ಲುತ್ತದೆ. ಮೆರವಣಿಗೆಯ ಹಾದಿಯಲ್ಲಿರುವ ಲೇಡಿಹಿಲ್ ವೃತ್ತಕ್ಕೆ ಈಗ ಬ್ರಹ್ಮಶ್ರೀ ನಾರಾಯಣಗುರುಗಳ ಹೆಸರಿದೆ. ಅಲ್ಲಿಂದ ಲಾಲ್‌ಬಾಗಿನ ಕಡೆಗೆ ಸಾಗುವ ರಸ್ತೆಗೆ ಮಹಾತ್ಮಾ ಗಾಂಧಿಯವರ ಹೆಸರಿದೆ. ನಡೆಯುವ ಹಕ್ಕಿನ ಪರವಾಗಿ ನಿಂತ ಇಬ್ಬರ ಹೆಸರನ್ನು ಹೊತ್ತ ಈ ಹಾದಿಯನ್ನು ನಡೆಯುವವನ ಕಣ್ಣಿನಿಂದ ಪರೀಕ್ಷಿಸುವುದು ಅನುಚಿತವಾಗಲಾರದು.

3

ಈ ಹಾದಿಯಲ್ಲಿ ನಡೆಯುವವರು ಯಾರು? ಹೆಂಚಿನ ಕಾರ್ಖಾನೆಗಳು ಈ ಊರಿಗೆ ಬಂದ ಕಾಲದಿಂದಲೂ, ಎಂದರೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ, ಮಂಗಳೂರಿನ ದುಡಿಮೆ ಕಾಲ್ನಡೆಯನ್ನು ನಂಬಿ ಬೆಳೆದದ್ದು. ಇಂದಿಗೂ ಬಂದರಿನ ದಕ್ಕೆಯಿಂದ ಮೀನಿನ ಬುಟ್ಟಿಯೊಡನೆ ಹೊರಡುವ ಹೆಂಗಸರು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಪ್ಪಿಸಲು ಹೋಗುವವರು, ಅಳಕೆಯ ಮಾರುಕಟ್ಟೆಗೆ ಬರುವವರು, ಶಾಲೆಯ ಮಕ್ಕಳು, ಮಸೀದಿಗೂ ಗುಡಿಗೂ ಹೋಗಿಬರುವ ಹಿರಿಯರು ಕುದ್ರೋಳಿಯ ರಸ್ತೆಗಳಲ್ಲಿ ನಡೆದೇ ಹೋಗುತ್ತಾರೆ. ಸಿಟಿ ಬಸ್ಸಿನಲ್ಲಿ ಹೋಗುವವನೂ ಎರಡು ಕೊನೆಗಳಲ್ಲಿ ಕಾಲ್ನಡೆಯವನೇ. ಇವರಲ್ಲಿ ಬಹುಮಂದಿ ಮನವಿಪತ್ರ ಬರೆಯುವವರಲ್ಲ, ಸಭೆಗಳಲ್ಲಿ ಮಾತಾಡುವವರಲ್ಲ. ಆದಕಾರಣ ರಸ್ತೆಯ ನಕ್ಷೆಯಲ್ಲಿ ಇವರ ದನಿ ಕೇಳಿಸುವುದು ಅಪೂರ್ವ.

ಇದರ ಬೆಲೆ ಅಲ್ಪವಲ್ಲ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಎಂದರೆ ಸತ್ತ ಐವರಲ್ಲಿ ಸುಮಾರು ಒಬ್ಬರು ಯಾವ ವಾಹನವನ್ನೂ ಏರದೆ, ಯಾರಿಗೂ ಅಪಾಯ ತರದೆ ನಡೆಯುತ್ತಿದ್ದವರು.

4

ನಡೆಯುವವರಿಗೆ ಎಷ್ಟು ಜಾಗ ಬಿಡಬೇಕೆಂಬ ವಿಷಯದಲ್ಲಿ ನಮ್ಮಲ್ಲಿ ಶಾಸ್ತ್ರಕ್ಕೆ ಕೊರತೆಯಿಲ್ಲ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ಬೈಸಿಕಲ್ ಪಥಗಳ ರಚನೆಯನ್ನು ಕುರಿತು 1962ರಷ್ಟು ಹಿಂದೆಯೇ ಶಿಫಾರಸುಗಳನ್ನು ಪ್ರಕಟಿಸಿತು. ಪಾದಚಾರಿಗಳ ಸೌಕರ್ಯಗಳನ್ನು ಕುರಿತ ಅದರ ಕೈಪಿಡಿ 1988ರಲ್ಲಿ ಬಂದು, 2012ರಲ್ಲಿ ಪರಿಷ್ಕೃತವಾಯಿತು. ಫುಟ್‌ಪಾತಿನಲ್ಲಿ ನಡೆಯುವ ಜಾಗ ಯಾವ ಅಡ್ಡಿಯೂ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲವಿರಬೇಕು, 2.2 ಮೀಟರ್ ಎತ್ತರದವರೆಗೆ ತೆರವಾಗಿರಬೇಕು. ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರವಿರಬಾರದು ಎಂಬುದು ಅದರ ವಿಧಿ.

ಈ ಗ್ರಂಥವನ್ನು ನಾವು ಗೌರವದಿಂದಲೇ ಓದುತ್ತೇವೆ. ಆದರೂ ಅದರ ಪ್ರಯೋಗದಲ್ಲಿ ಎರಡು ದೋಷಗಳನ್ನು ಎತ್ತಿ ಹೇಳದೆ ವಿಧಿಯಿಲ್ಲ. ಗ್ರಂಥದಲ್ಲಿ ಕನಿಷ್ಠವೆಂದು ಹೇಳಿದ ಅಳತೆ ಕಾಮಗಾರಿಯಲ್ಲಿ ಗರಿಷ್ಠವಾಗಿಬಿಡುತ್ತದೆ. ಆ 1.8 ಮೀಟರಿನೊಳಗೇ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಅಂಗಡಿಯ ಫಲಕ, ನಿಲ್ಲಿಸಿದ ಸ್ಕೂಟರುಗಳು ಸೇರಿಕೊಂಡರೆ ಉಳಿಯುವುದು ಒಬ್ಬನು ಮೈ ಓರೆ ಮಾಡಿಕೊಂಡು ಹೋಗುವಷ್ಟು ಮಾತ್ರ. ಇದಕ್ಕಿಂತ ಮೂಲಭೂತವಾದದ್ದು ವಿನ್ಯಾಸದ ಕ್ರಮದಲ್ಲಿರುವ ದೋಷ. ನಕ್ಷೆ ಬರೆಯುವಾಗ ಮೊದಲು ವಾಹನಗಳ ಸಾಲುಗಳಿಗೆ ಜಾಗ ಅಳೆದು, ಬಳಿಕ ಚರಂಡಿಗೆ ಕೊಟ್ಟು, ಕೊನೆಗೆ ಉಳಿದುದನ್ನು ಫುಟ್‌ಪಾತು ಎಂದು ಕರೆಯಲಾಗುತ್ತದೆ. ಮಳೆ ವರ್ಷಕ್ಕೆ 3,500 ಮಿಲಿಮೀಟರ್ ಮೀರುವ ಈ ಊರಿನಲ್ಲಿ ಚರಂಡಿ ಆಳವಾಗಿರಲೇಬೇಕು. ಹೀಗಾಗಿ ಚರಂಡಿಯ ಮುಚ್ಚಳವೇ ಕಾಲುದಾರಿಯಾಗುತ್ತದೆ. ಒಂದು ಚಪ್ಪಡಿ ಸರಿದರೆ ಅಥವಾ ಮುರಿದರೆ ಮಳೆಗಾಲದ ಕೆಸರುನೀರಿನಲ್ಲಿ ಆ ಬಾಯಿ ಕಾಣಿಸುವುದೇ ಇಲ್ಲ. ಚರಂಡಿಯ ಮೇಲೆ ನಡೆಯುವುದೇ ತಪ್ಪೆಂದಲ್ಲ. ಚರಂಡಿಯನ್ನು ಶುಚಿಗೊಳಿಸುವವನಿಗೂ ಅದರ ಮೇಲೆ ನಡೆಯುವವನಿಗೂ ಒಪ್ಪುವಂಥ ಮುಚ್ಚಳವನ್ನು ರಸ್ತೆಯ ಮುಖ್ಯ ಅಂಗವೆಂದು ತಿಳಿದು ರಚಿಸಬೇಕು.

ಮಂಗಳೂರು ತನ್ನ ಕಾಂಕ್ರೀಟು ರಸ್ತೆಗಳ ವಿಷಯದಲ್ಲಿ ಹೆಮ್ಮೆಪಡುತ್ತದೆ. ಈ ಮಳೆಗೆ ಡಾಂಬರು ನಿಲ್ಲದೆಂಬುದು ಅನುಭವದ ಮಾತು, ಆ ಹೆಮ್ಮೆ ನ್ಯಾಯವಾದುದೇ. ಆದರೆ ಕಾಂಕ್ರೀಟು ಹಾಸಿದಾಗ ರಸ್ತೆಯ ಮೈ ಏರುತ್ತದೆ. ಅಂಚನ್ನು ಹೊಂದಿಸದೆ ಬಿಟ್ಟಲ್ಲಿ ಗೇಣುದ್ದದ ಮೆಟ್ಟಿಲು ಉಳಿಯುತ್ತದೆ. ಬಸ್ಸಿಗೆ ದಾರಿಬಿಡಲು ಬದಿಗೆ ಸರಿಯುವ ಸೈಕಲ್ ಸವಾರ ಉರುಳುವುದು ಅಲ್ಲಿಯೇ. ಮೇಲಾಗಿ, ಗುಂಡಿಯಿಲ್ಲದ ನುಣುಪಾದ ರಸ್ತೆ ವೇಗವನ್ನು ಕರೆಯುತ್ತದೆ. ಹಿಂದೆ ಗುಂಡಿಗಳೇ ತಡೆಯುತ್ತಿದ್ದ ವೇಗವನ್ನು ಈಗ ವಿನ್ಯಾಸ ತಡೆಯಬೇಕಾಗಿದೆ; ಆ ಕೆಲಸವನ್ನು ಯಾರಿಗೂ ವಹಿಸಿಲ್ಲ.

5

ರಸ್ತೆಯನ್ನು ಅಳೆಯುವ ಕೋಲು ಯಾವುದಾಗಬೇಕು? ಗಂಟೆಗೆ ಎಷ್ಟು ವಾಹನಗಳು ಹಾಯುತ್ತವೆ ಎಂಬುದೇ ಇಂದಿನ ಅಳತೆ. ಅದರ ಬದಲು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಈ ರಸ್ತೆಯನ್ನು ನಿರ್ಭಯವಾಗಿ ದಾಟಬಲ್ಲರೇ ಎಂಬುದನ್ನು ಅಳತೆಯಾಗಿ ಇಟ್ಟುಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಇದು ಬರಿಯ ಕರುಣೆಯ ಮಾತಲ್ಲ, ಲೆಕ್ಕಕ್ಕೆ ಸಿಕ್ಕುವ ಮಾತು.

ಸೆಕೆಂಡಿಗೆ 0.9 ಮೀಟರಿನಂತೆ ನಡೆಯುವ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳೋಣ. ನಡುವೆ ತಂಗುವ ತಾಣವಿಲ್ಲದ 14 ಮೀಟರ್ ಅಗಲದ ನಾಲ್ಕು ಸಾಲಿನ ರಸ್ತೆಯನ್ನು ದಾಟಲು ಆಕೆಗೆ ಹದಿನೈದು ಸೆಕೆಂಡುಗಳಿಗೂ ಮಿಕ್ಕಿ ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಅಷ್ಟು ಹೊತ್ತಿನಲ್ಲಿ ಸುಮಾರು 215 ಮೀಟರ್ ಬಂದಿರುತ್ತದೆ. ಅಂದರೆ ಎರಡೂ ದಿಕ್ಕಿನಲ್ಲಿ ಅಷ್ಟು ದೂರ ರಸ್ತೆ ಬರಿದಾಗಿದ್ದರೆ ಮಾತ್ರ ಆಕೆ ಹೆಜ್ಜೆಯಿಡಬಹುದು. ಹಗಲಿನ ಮಂಗಳೂರಿನಲ್ಲಿ ಅಂಥ ಗಳಿಗೆ ಬರುವುದೆಂದು? ಈಗ ಅದೇ ರಸ್ತೆಯ ನಡುವೆ ನಿಲ್ಲಲು ಒಂದು ಕಟ್ಟೆ ಮಾಡಿ, ವೇಗವನ್ನು 30 ಕಿಲೋಮೀಟರಿಗೆ ಇಳಿಸಿದರೆ, ಆಕೆ ಒಂದು ಬಾರಿಗೆ ದಾಟಬೇಕಾದುದು 7 ಮೀಟರ್. ಬೇಕಾದ ತೆರಪು ಸುಮಾರು 65 ಮೀಟರ್. ಅದೂ ಒಂದೇ ದಿಕ್ಕಿನಲ್ಲಿ. ರಸ್ತೆಯನ್ನು ಒಂದು ಗೇಣೂ ಅಗಲಿಸದೆ ಸಾಧಿಸಬಹುದಾದ ವ್ಯತ್ಯಾಸ ಇದು.

ವೇಗದ ಮಾತೂ ಹಾಗೆಯೇ. ಚಾಲಕ ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ತೆಗೆದುಕೊಂಡರೆ, ಒದ್ದೆ ರಸ್ತೆಯಲ್ಲಿ 30 ಕಿಲೋಮೀಟರ್ ವೇಗದ ಕಾರು ನಿಲ್ಲಲು ಸುಮಾರು 17 ಮೀಟರ್ ಬೇಕು. 50ರ ವೇಗದಲ್ಲಾದರೆ 38 ಮೀಟರ್. ನಾಲ್ಕು ತಿಂಗಳು ರಸ್ತೆ ಒದ್ದೆಯಾಗಿಯೇ ಇರುವ ಕರಾವಳಿಗೆ ಈ ಲೆಕ್ಕ ಇನ್ನಷ್ಟು ಮುಖ್ಯ. ವಾಹನಗಳೂ ಕಾಲ್ನಡೆಯವರೂ ಬೆರೆಯುವ ಕಡೆಗಳಲ್ಲಿ 30 ಕಿಲೋಮೀಟರ್ ಮಿತಿಯಿರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದುದು ಇಂಥ ಕಾರಣಗಳಿಂದಲೇ.

ಪಾದಚಾರಿ ಮೇಲ್ಸೇತುವೆಯೇ ಪರಿಹಾರವೆನ್ನುವವರಿದ್ದಾರೆ. ಬಸ್ಸು ಲಾರಿಗಳು ಹಾಯಲು ಸೇತುವೆ ಐದೂವರೆ ಮೀಟರ್ ಎತ್ತರದಲ್ಲಿರಬೇಕು. ಹಾಸಿನ ದಪ್ಪವೂ ಸೇರಿ ಹತ್ತಬೇಕಾದದ್ದು ಸುಮಾರು ನಲವತ್ತು ಮೆಟ್ಟಿಲು, ಇಳಿಯಬೇಕಾದದ್ದು ಮತ್ತೆ ನಲವತ್ತು. ಮೋಟಾರಿನಲ್ಲಿ ಕುಳಿತವನ ಅರ್ಧ ನಿಮಿಷ ಉಳಿಸಲು ಬುಟ್ಟಿ ಹೊತ್ತವಳು ಎರಡು ಮಹಡಿ ಏರಿಳಿಯಬೇಕೆಂಬುದು ಯಾವ ನ್ಯಾಯ? ಮೇಲ್ಸೇತುವೆಯನ್ನು ಪಾದಚಾರಿಯ ಸೌಕರ್ಯವೆಂದು ಕರೆಯುವುದು ಭಾಷೆಗೆ ಮಾಡಿದ ಅಪಚಾರ. ಅದು ವಾಹನದ ಸೌಕರ್ಯ.

6

ಪೂರ್ವಪಕ್ಷಗಳನ್ನೂ ಪರಿಶೀಲಿಸಬೇಕು. ಜಾಗವಿಲ್ಲ ಎಂಬುದು ಮೊದಲನೆಯ ಆಕ್ಷೇಪ. ನಾಲ್ಕು ಸಾಲಿನ ರಸ್ತೆಯಲ್ಲಿ ಪ್ರತಿ ಸಾಲನ್ನು ಮೂರೂವರೆ ಮೀಟರಿನಿಂದ ಮೂರು ಮೀಟರಿಗೆ ಇಳಿಸಿದರೆ 2 ಮೀಟರ್ ದೊರೆಯುತ್ತದೆ. ಅದು ಒಂದು ಪೂರ್ಣ ಫುಟ್‌ಪಾತಿನ ಅಗಲ. ಸಾಲು ಕಿರಿದಾದಷ್ಟೂ ಚಾಲಕ ತಾನಾಗಿಯೇ ನಿಧಾನಿಸುತ್ತಾನೆ, ಒಂದೇ ಕೆಲಸದಿಂದ ಎರಡು ಫಲ. ಕುದ್ರೋಳಿ ಮತ್ತು ಬಂದರಿನ ಒಳರಸ್ತೆಗಳಂಥ ಇಕ್ಕಟ್ಟಿನ ಕಡೆ ಮಾತ್ರ ಈ ಲೆಕ್ಕ ಸಾಗದೆಂಬುದನ್ನು ಒಪ್ಪಬೇಕು. ಅಲ್ಲಿ ಪ್ರತ್ಯೇಕ ಪಥಗಳಿಗೆ ಹಟ ಹಿಡಿಯುವುದು ವ್ಯರ್ಥ. ಇಡೀ ಬೀದಿಯಲ್ಲಿಯೇ ವೇಗವನ್ನು ಇಳಿಸುವುದೊಂದೇ ದಾರಿ.

ಅಂಗಡಿಯ ಮುಂದೆ ಕಾರು ನಿಲ್ಲದಿದ್ದರೆ ವ್ಯಾಪಾರ ಕೆಡುತ್ತದೆಂಬುದು ಎರಡನೆಯದು. ಈ ಭಯವನ್ನು ಹಗುರವಾಗಿ ಕಾಣಬಾರದು. ಸಣ್ಣ ವ್ಯಾಪಾರಿಗೆ ಒಂದು ತಿಂಗಳ ನಷ್ಟವೂ ಭಾರವೇ. ಆದರೆ ಒಂದು ಕಾರು ನಿಲ್ಲುವ ಹನ್ನೆರಡು ಚದರ ಮೀಟರಿನಲ್ಲಿ ಹತ್ತು ಸೈಕಲ್ಲುಗಳು ನಿಲ್ಲುತ್ತವೆ. ಅಳಕೆಯಂಥ ಮಾರುಕಟ್ಟೆಯ ಗಿರಾಕಿ ಬಹುಪಾಲು ಕಾರಿನಿಂದ ಇಳಿಯುವವನಲ್ಲ. ಫುಟ್‌ಪಾತಿನ ಮೇಲಿನ ಬೀದಿ ವ್ಯಾಪಾರಿಯನ್ನು ಓಡಿಸಿ ಪಾದಚಾರಿಯನ್ನು ಉದ್ಧರಿಸುತ್ತೇವೆಂಬುದೂ ಸರಿಯಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರಿಗೂ ಸ್ಥಳ ಗೊತ್ತುಮಾಡಬೇಕೆನ್ನುತ್ತದೆ. ಬಡವರಿಬ್ಬರನ್ನು ಒಂದು ಗಜ ನೆಲಕ್ಕಾಗಿ ಕಾದಾಡಲು ಬಿಟ್ಟು, ಉಳಿದ ಹತ್ತು ಗಜದ ಮಾತೆತ್ತದಿರುವುದು ವಿನ್ಯಾಸವೆನಿಸದು.

ಗುಡ್ಡದ ಊರಿನಲ್ಲಿ, ಇಂಥ ಮಳೆಯಲ್ಲಿ, ಸೈಕಲ್ಲು ತುಳಿಯುವವರಾರು ಎಂಬುದು ಮೂರನೆಯದು. ಇದರಲ್ಲಿ ಅರ್ಧ ಸತ್ಯವಿದೆ. ಕದ್ರಿ, ಬಿಜೈ, ಲೈಟ್‌ಹೌಸ್ ಹಿಲ್ಲಿನ ಏರುಗಳು ಕಷ್ಟದವೇ. ಆದರೆ ಗುರುಪುರ ಹೊಳೆಯ ಬದಿಯ ಬೋಳೂರು, ಕುದ್ರೋಳಿ, ಬಂದರಿನ ಪಟ್ಟಿ ತಗ್ಗಾದುದು, ಬಹುಮಟ್ಟಿಗೆ ಸಮತಟ್ಟಾದುದು. ಸೈಕಲ್ ಪಥದ ಪ್ರಯೋಗ ಮೊದಲಾಗಬೇಕಾದುದು ಇಲ್ಲಿ. ಏರಿನ ರಸ್ತೆಗಳಲ್ಲಿ ಹತ್ತುವ ಬದಿಗೆ ಮಾತ್ರ ಪ್ರತ್ಯೇಕ ಜಾಗ ಕೊಟ್ಟರೂ ಸಾಕು. ಹತ್ತುವವನು ನಿಧಾನಿ, ಓಲಾಡುವವನು, ಅಪಾಯವಿರುವುದು ಅವನಿಗೆ.

7

ಅನ್ಯ ನಗರಗಳ ಅನುಭವದಿಂದ ಕಲಿಯಬೇಕಾದುದು ಬಹಳವಿದೆ. ನೆದರ್‌ಲ್ಯಾಂಡ್ಸ್ ಹುಟ್ಟಿನಿಂದಲೇ ಸೈಕಲ್ಲಿನ ಸ್ವರ್ಗವೆಂಬ ಭಾವನೆ ಚರಿತ್ರೆಗೆ ವಿರುದ್ಧ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ಹೆತ್ತವರು 1972ರಿಂದ ಬೀದಿಗಿಳಿದರು. ಬಳಿಕ ಬಂದದ್ದು ವಸತಿ ಬೀದಿಗಳಲ್ಲಿ ನಡಿಗೆಯ ವೇಗ, ಮುಖ್ಯ ರಸ್ತೆಗಳಲ್ಲಿ ಬೇರ್ಪಟ್ಟ ಪಥ. 2023ರಲ್ಲಿ ಅಲ್ಲಿ ಸತ್ತವರು ಏಳುನೂರಕ್ಕಿಂತ ಕಡಿಮೆ. ಅಲ್ಲಿನ ರಸ್ತೆಗಳು ಬದಲಾದದ್ದು ಸ್ವಭಾವದಿಂದಲ್ಲ, ಒತ್ತಾಯದಿಂದ.

ನಮ್ಮ ನಾಡಿನಲ್ಲಿಯೇ ಪಾಠಗಳಿವೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ವಿಟ್ಠಲ್ ಮಲ್ಯ ರಸ್ತೆ ಮೊದಲಾದವುಗಳನ್ನು 2010ರ ದಶಕದಲ್ಲಿ ಟೆಂಡರ್‌ಶ್ಯೂರ್ ಕ್ರಮದಲ್ಲಿ ಪುನಾರಚಿಸಿದಾಗ ನೀರು, ವಿದ್ಯುತ್ತು, ತಂತಿಗಳನ್ನೆಲ್ಲ ಫುಟ್‌ಪಾತಿನ ಕೆಳಗೆ ಕ್ರಮವಾಗಿ ಇರಿಸಿ, ಮೇಲೆ ವಿಶಾಲವಾದ ಕಾಲುದಾರಿ ಮಾಡಿದರು. ರಸ್ತೆಯನ್ನು ಮತ್ತೆ ಮತ್ತೆ ಅಗೆಯುವ ಅಗತ್ಯ ತಗ್ಗಿತು. ಇದು ಅನುಕರಣೀಯ. ಆದರೆ ವೆಚ್ಚ ಭಾರಿಯಾದುದು, ಆರಿಸಿದ ರಸ್ತೆಗಳು ನಗರದ ಸಿರಿವಂತ ಭಾಗದವು. ಜಯನಗರದಲ್ಲಿ 2012ರ ಹೊತ್ತಿಗೆ ಗುರುತುಮಾಡಿದ ಸೈಕಲ್ ಪಥಗಳು ಬೇಗನೆ ಕಾರು ನಿಲ್ಲಿಸುವ ಜಾಗಗಳಾದುವು. ಬಣ್ಣದ ಗೆರೆ ಯಾರನ್ನೂ ಕಾಯದು, ಎತ್ತರದ ಅಂಚೋ ಕಂಬವೋ ಬೇಕು ಎಂಬುದು ಅದರ ಪಾಠ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ಲಿನ ಯೋಜನೆ ಬಂದಿತು. ಸೈಕಲ್ಲು ಒದಗಿಸುವುದು ಸುಲಭ, ಅದಕ್ಕೆ ದಾರಿ ಒದಗಿಸುವುದು ಕಷ್ಟ ಎಂಬುದನ್ನು ಅಂಥ ಯೋಜನೆಗಳೆಲ್ಲ ತೋರಿಸುತ್ತವೆ.

ಕಾನೂನೂ ಈಗ ನಡೆಯುವವನ ಕಡೆಗೆ ವಾಲಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ ಹಾಗೂ ನಿರ್ವಹಣೆಯ ಮಾನದಂಡಗಳನ್ನು ಮೀರಿದ್ದರಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ, ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ, ಅಡ್ಡಿಯಿಲ್ಲದ ಫುಟ್‌ಪಾತು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನ ಅಂಗವೆಂದು ಹೇಳಿತು. ವೈಕಂನ ರಸ್ತೆಗಳು ತೆರೆದ ನೂರು ವರ್ಷಕ್ಕೆ ಸರಿಯಾಗಿ ಬಂದ ಮಾತು ಇದು.

8

ಇಷ್ಟನ್ನು ಹೇಳಿದ ಮೇಲೆ ಕುದ್ರೋಳಿಯ ಹಾದಿಗೆ ಏನು ಬೇಕೆಂಬುದನ್ನೂ ಸೂಚಿಸುವುದು ವಿಮರ್ಶಕನ ಹೊಣೆ. ಕಾಲುದಾರಿಯನ್ನು ಮೊದಲು ಅಳೆದು, ಉಳಿದುದನ್ನು ವಾಹನಗಳಿಗೆ ಹಂಚಬೇಕು. ಶಾಲೆ, ಮಾರುಕಟ್ಟೆ, ಗುಡಿ, ಮಸೀದಿ, ಬಸ್ಸು ನಿಲ್ಲುವ ಎಡೆಗಳಲ್ಲಿ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿ ದಾಟುದಾರಿ ಮಾಡಬೇಕು; ಅದರ ಎರಡು ಬದಿಗೂ ನೀರು ಹರಿಯಲು ಕಿಂಡಿ ಬಿಡಬೇಕು, ಇಲ್ಲವಾದರೆ ಮೊದಲ ಮಳೆಗೇ ಅದು ಕೆರೆಯ ದಂಡೆಯಾದೀತು. ಹಾಸುವ ಕಲ್ಲು ಒರಟಾಗಿರಬೇಕು. ನುಣುಪಾದ ಅಲಂಕಾರದ ಹಾಸಿನ ಮೇಲೆ ಆಷಾಢದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ವೃತ್ತಗಳಲ್ಲಿ ಪ್ರತಿ ಕವಲಿಗೂ ನಡುಗಟ್ಟೆಯಿರಬೇಕು. ಮೆರವಣಿಗೆಯ ಎತ್ತರದ ಸ್ತಬ್ಧಚಿತ್ರಗಳು ಸಾಗಬೇಕಾದುದರಿಂದ ನಡುಗಟ್ಟೆಯ ಕಂಬಗಳು ಕಳಚಿಡುವಂಥವಾದರೆ ಉತ್ತಮ. ಇವುಗಳಲ್ಲಿ ಯಾವುದೂ ಹೊಸದಲ್ಲ, ಯಾವುದಕ್ಕೂ ಮನೆ ಕೆಡವಬೇಕಾಗಿಲ್ಲ.

ಕಾಲೇಜುಗಳಲ್ಲಿ ಚರಿತ್ರೆಯನ್ನು ಬೋಧಿಸುವ ನಮಗೂ, ಕಲಿಯುವ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕೆಲಸವಿದೆ. ಮುಂದಿನ ದಸರೆಗೆ ಮೊದಲು, ಮಳೆ ಇನ್ನೂ ಸುರಿಯುತ್ತಿರುವಾಗಲೇ, ಟೇಪು ಹಿಡಿದು ಈ ಹಾದಿಯನ್ನು ಅಳೆಯಬೇಕು. ಎಲ್ಲಿ ಫುಟ್‌ಪಾತು ಎಷ್ಟಿದೆ, ಎಲ್ಲಿ ಕಡಿಯುತ್ತದೆ, ಎಲ್ಲಿ ಅಜ್ಜಿಯೊಬ್ಬಳು ದಾಟಲು ಎಷ್ಟು ನಿಮಿಷ ಕಾದಳು ಎಂಬುದನ್ನು ಹೆಜ್ಜೆಹೆಜ್ಜೆಗೂ ಬರೆದಿಡಬೇಕು. ಶಾಸನವನ್ನು ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ಈ ಕೆಲಸ ನಡೆದರೆ, ರಸ್ತೆಯ ಮುಂದಿನ ನಕ್ಷೆ ಬರೆಯುವವರ ಮೇಜಿನ ಮೇಲೆ ಇಡಲು ನಮ್ಮಲ್ಲೊಂದು ದಾಖಲೆಯಿರುತ್ತದೆ. ಅದರಲ್ಲಿ, ಇದುವರೆಗಿನ ನಕ್ಷೆಗಳಲ್ಲಿ ಇಲ್ಲದ ಜನರಿರುತ್ತಾರೆ.